ಅಂಗೈಯಗಲದ ಮಣಿಮಗ್ಗ: ಆಯ್ಕೆ ಹೇಗೆ, ನೇಯ್ಗೆ ಹೇಗೆ?

ಬನಶಂಕರಿ (ಬಾಗಲಕೋಟೆ ಜಿಲ್ಲೆ): ಬನದ ಹುಣ್ಣಿಮೆಯ ರಥೋತ್ಸವದೊಂದಿಗೆ ಆರಂಭವಾಗಿ ತಿಂಗಳುಗಟ್ಟಲೆ ನಡೆಯುವ ಬನಶಂಕರಿ ಜಾತ್ರೆ ನಾಟಕ ಕಂಪನಿಗಳ ಡೇರೆಗಳಿಗೆ ಎಷ್ಟು ಪ್ರಸಿದ್ಧವೋ ಬಳೆ, ಸರ, ಮಣಿಗಳ ಅಂಗಡಿಸಾಲುಗಳಿಗೂ ಅಷ್ಟೇ ಪ್ರಸಿದ್ಧ. ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದಲ್ಲಿ, ಚೊಳಚಗುಡ್ಡದ ಬಳಿ ನೆಲೆಸಿರುವ ಈ ದೇವಿ ದೇವಾಂಗ ನೇಕಾರರ ಕುಲದೇವತೆಯೂ ಹೌದು. ಖಣಕ್ಕೆ ಹೆಸರಾದ ಗುಳೇದಗುಡ್ಡ ಮತ್ತು ಸೀರೆಗೆ ಹೆಸರಾದ ಇಳಕಲ್ಲ ಎರಡೂ ಇದೇ ಜಿಲ್ಲೆಯ ಊರುಗಳು. ಮಗ್ಗ ಮತ್ತು ಮಣಿ ಎರಡಕ್ಕೂ ಹೆಸರಾದ ಈ ನೆಲದಲ್ಲಿ ಇವೆರಡೂ ಒಂದೇ ಚೌಕಟ್ಟಿನಲ್ಲಿ ಸೇರುವ ಒಂದು ಪುಟ್ಟ ಸಾಧನ ಮಾತ್ರ ಇಂದಿಗೂ ಅಪರಿಚಿತವಾಗಿಯೇ ಉಳಿದಿದೆ. ಅದೇ ಮಣಿಮಗ್ಗ.

ಮೊದಲೇ ಒಂದು ಸ್ಪಷ್ಟನೆ ಅಗತ್ಯ. ಮಣಿಮಗ್ಗ ಕರ್ನಾಟಕದ ಪರಂಪರಾಗತ ಸಾಧನವಲ್ಲ. ಮಣಿ, ಕವಡೆ, ಕನ್ನಡಿ, ನಾಣ್ಯಗಳಿಂದ ಉಡುಪನ್ನೇ ಒಡವೆಯಾಗಿಸುವ ಲಂಬಾಣಿ ಮಹಿಳೆಯರು ಅವನ್ನು ಸೂಜಿಯಿಂದ ನೇರವಾಗಿ ಬಟ್ಟೆಗೆ ಹೊಲಿಯುತ್ತಾರೆ. ಗುಜರಾತಿನ ಸೌರಾಷ್ಟ್ರದ ಮೋತಿ ಕೆಲಸವೂ ಮಗ್ಗವಿಲ್ಲದೆ, ಸೂಜಿಯಿಂದಲೇ ಹೆಣೆಯುವ ಬಲೆಯಂಥದ್ದು. ಚೌಕಟ್ಟಿಗೆ ನೂಲು ಬಿಗಿದು ಮಣಿ ನೇಯುವ ಪದ್ಧತಿ ಬಹುವಾಗಿ ಬೆಳೆದದ್ದು ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಿ. ಬಾಗಿಸಿದ ಕೋಲಿನ ಎರಡು ತುದಿಗಳ ನಡುವೆ ನೂಲು ಎಳೆದು ಅವರು ಮಾಡಿಕೊಂಡ ಬಿಲ್ಲುಮಗ್ಗವೇ ಇಂದಿನ ಪುಟ್ಟ ಮಗ್ಗಗಳ ಹಿರಿಯಜ್ಜ. ಆದರೆ ಅದರ ತತ್ವವನ್ನು ಇಳಕಲ್ಲಿನ ಯಾವುದೇ ನೇಕಾರನ ಮನೆಯವರಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ. ಇದೂ ಹಾಸು-ಹೊಕ್ಕಿನ ಆಟವೇ. ವ್ಯತ್ಯಾಸವೆಂದರೆ ಇಲ್ಲಿ ಲಾಳಿಯ ಬದಲು ಸೂಜಿ ಓಡುತ್ತದೆ, ಹೊಕ್ಕಿನ ನೂಲು ಕಾಣದಂತೆ ಮಣಿಗಳು ಮುಚ್ಚುತ್ತವೆ.

ಮಗ್ಗ ಕೊಳ್ಳುವ ಮುನ್ನ

ಮಾರುಕಟ್ಟೆಯಲ್ಲಿ, ಅದರಲ್ಲೂ ಆನ್‌ಲೈನ್ ಅಂಗಡಿಗಳಲ್ಲಿ, ಅತಿ ಅಗ್ಗವಾಗಿ ದೊರೆಯುವುದು ತಂತಿಯ ಚೌಕಟ್ಟಿನ ಮಗ್ಗ. ಎರಡು ತುದಿಯಲ್ಲಿ ಸ್ಪ್ರಿಂಗ್, ಅದರಾಚೆ ಮರದ ಉರುಳೆ, ಉರುಳೆಗೆ ಒಂದೊಂದು ಮೊಳೆ. ಇಷ್ಟೇ ಅದರ ರಚನೆ. ಕಲಿಕೆಗೆ ಇದು ಸಾಕು. ಆದರೆ ತಂತಿ ತೆಳುವಾಗಿದ್ದರೆ ನೂಲು ಬಿಗಿದಂತೆಲ್ಲ ಚೌಕಟ್ಟೇ ಒಳಕ್ಕೆ ಬಾಗುತ್ತದೆ. ಹಾಸಿನ ನೂಲು ನಡುವಿನಲ್ಲಿ ಬಿಗಿ, ಅಂಚಿನಲ್ಲಿ ಸಡಿಲ ಎಂಬಂತಾಗಿ ಪಟ್ಟಿ ಸೊಟ್ಟಗಾಗುತ್ತದೆ. ಹೊಸಬರು ತಮ್ಮ ಕೈಯನ್ನು ಶಪಿಸಿಕೊಳ್ಳುವ ಎಷ್ಟೋ ಸಂದರ್ಭಗಳಲ್ಲಿ ನಿಜವಾದ ತಪ್ಪಿತಸ್ಥ ಈ ತಂತಿಯೇ.

ಅಂಗಡಿಯಲ್ಲಿಯೇ ಪರೀಕ್ಷಿಸಲು ಒಂದು ಸರಳ ಉಪಾಯವುಂಟು. ಎರಡು ತುದಿಗೂ ಗಟ್ಟಿ ದಾರ ಕಟ್ಟಿ, ಉರುಳೆ ತಿರುಗಿಸಿ ಬಿಗಿದು, ದಾರದ ನಡುವೆ ಬೆರಳಿನಿಂದ ಒತ್ತಬೇಕು. ಚೌಕಟ್ಟು ಬಾಗಿದರೆ ಅಥವಾ ತಿರುಪು ಜಾರಿ ಉರುಳೆ ಹಿಂದಕ್ಕೆ ತಿರುಗಿದರೆ ಆ ಮಗ್ಗವನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಮರದ ಚೌಕಟ್ಟಿನ, ಚಿಟ್ಟೆ ತಿರುಪಿನಿಂದ ಉದ್ದ ಹೊಂದಿಸಬಹುದಾದ ಮಗ್ಗಗಳು ತುಸು ದುಬಾರಿಯಾದರೂ ವರ್ಷಗಟ್ಟಲೆ ಬಾಳುತ್ತವೆ.

ಅಗಲದ ವಿಷಯದಲ್ಲಿ ಅತಿಯಾಸೆ ಬೇಡ. ಕೈಪಟ್ಟಿ, ಕೊರಳಪಟ್ಟಿ, ಓಲೆಗಳಿಗೆ 6ರಿಂದ 7 ಸೆಂ.ಮೀ. ಅಗಲ ಧಾರಾಳವಾಯಿತು. ಉದ್ದ ಮಾತ್ರ ಲೆಕ್ಕ ಹಾಕಿಯೇ ಕೊಳ್ಳಬೇಕು. ಉರುಳೆಯಿಲ್ಲದ ಸ್ಥಿರ ಚೌಕಟ್ಟಾದರೆ ನೇಯಬೇಕಾದ ಪಟ್ಟಿಯ ಉದ್ದಕ್ಕೆ ಎರಡೂ ಕಡೆ ಕನಿಷ್ಠ 10 ಸೆಂ.ಮೀ. ಸೇರಿಸಿಕೊಳ್ಳಬೇಕು. ನೂಲಿನ ತುದಿಗಳನ್ನು ಅಡಗಿಸಲು, ಸೂಜಿ ಆಡಿಸಲು ಆ ಜಾಗ ಬೇಕೇ ಬೇಕು. ಉರುಳೆಯುಳ್ಳ ಮಗ್ಗದಲ್ಲಿ ನೇಯ್ದ ಭಾಗವನ್ನು ಸುತ್ತಿಕೊಳ್ಳುತ್ತ ಹೋಗಬಹುದಾದ್ದರಿಂದ ಉದ್ದನೆಯ ಸರವೂ ಸಾಧ್ಯ.

ಹಣ ಖರ್ಚು ಮಾಡದೆಯೇ ಆರಂಭಿಸುವುದಾದರೆ ಹಳೆಯ ಫೋಟೋ ಚೌಕಟ್ಟೊಂದರ ಎರಡು ಎದುರು ಬದಿಗಳಿಗೆ ಎರಡು ಹಣಿಗೆಗಳನ್ನು ಹಲ್ಲು ಮೇಲಾಗಿ ಅಂಟಿಸಿ, ಆಚೆಗೆ ಒಂದೊಂದು ಮೊಳೆ ಹೊಡೆದರೆ ಮಗ್ಗ ಸಿದ್ಧ. ತಲೆ ಬಾಚುವ ಹಣಿಗೆಯೇ ಆಗಬಹುದು, ಹಲ್ಲುಗಳು ಒತ್ತಾಗಿರಬೇಕು. ಇಳಕಲ್ಲ ಸೀರೆಯ ಸೆರಗಿನಲ್ಲಿ ಬರುವ ಚಿತ್ತಾರಗಳಲ್ಲೊಂದರ ಹೆಸರೂ ಹಣಿಗೆ ಎಂಬುದು ಕಾಕತಾಳೀಯವಾದರೂ ನೆನಪಿಡತಕ್ಕದ್ದು. ಮುಂದೆ ಅದರ ಪ್ರಸ್ತಾಪ ಬರಲಿದೆ.

ಮಣಿಯ ಗಾತ್ರದ ಒಗಟು

ಮಣಿಮಗ್ಗಕ್ಕೆ ಬಳಸುವುದು ಗಾಜಿನ ಬೀಜಮಣಿ. ಇದರ ಅಳತೆಯನ್ನು 15/0, 11/0, 8/0, 6/0 ಎಂದು ಬರೆಯುವುದು ರೂಢಿ. ಸಂಖ್ಯೆ ಹೆಚ್ಚಿದಷ್ಟೂ ಮಣಿ ಚಿಕ್ಕದು ಎಂಬುದನ್ನು ಮರೆತು ತಪ್ಪು ಮಣಿ ತರಿಸಿಕೊಂಡವರು ಕಡಿಮೆಯಲ್ಲ. 11/0 ಎಂದರೆ ಅಂದಾಜು 2 ಮಿ.ಮೀ., 8/0 ಎಂದರೆ 3 ಮಿ.ಮೀ., 6/0 ಎಂದರೆ 4 ಮಿ.ಮೀ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಮಿಲಿಮೀಟರ್ ಲೆಕ್ಕದಲ್ಲಿ ಕೇಳಿ, ತೂಕದ ಲೆಕ್ಕದಲ್ಲಿ ಕೊಳ್ಳಬೇಕಾಗುತ್ತದೆ. ಮೊದಲ ಪಟ್ಟಿಗೆ 8/0 ಸುಲಭ. ಕೈ ಪಳಗಿದ ಮೇಲೆ 11/0 ಚೆಂದ. 15/0 ಕಣ್ಣಿಗೆ ಶಿಕ್ಷೆ.

ಗುಣಮಟ್ಟದ ವಿಷಯದಲ್ಲಿ ಮೂರು ದಾರಿಗಳಿವೆ. ಜಪಾನಿನ ಮಿಯುಕಿ ಕಂಪನಿಯ ಡೆಲಿಕಾ ಕೊಳವೆಯಾಕಾರದ ಮಣಿ; ಒಂದರಂತೆ ಇನ್ನೊಂದಿದ್ದು, 11/0 ಅಳತೆಯದು ಒಂದು ಗ್ರಾಂಗೆ ಸುಮಾರು 200 ಬರುತ್ತದೆ. ಬೆಲೆ ಮಾತ್ರ ಎಲ್ಲಕ್ಕಿಂತ ಹೆಚ್ಚು. ಜೆಕ್ ದೇಶದ ಯಾಬ್ಲೊನೆಟ್ಸ್ ಭಾಗದ ಮಣಿಗಳು ಗುಂಡಗೆ, ಗ್ರಾಂಗೆ ಸುಮಾರು 110. ಮೂರನೆಯದು ಭಾರತದ್ದೇ ಮಣಿ. ಕಾಯಿಸಿದ ಗಾಜನ್ನು ಉದ್ದನೆಯ ಕೊಳವೆಯಾಗಿ ಎಳೆದು, ತುಂಡರಿಸಿ, ಮತ್ತೆ ಕಾಯಿಸಿ ಅಂಚು ನುಣುಪಾಗಿಸುವ ಕಲೆ ಈ ದೇಶದಲ್ಲಿ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಪುದುಚೇರಿ ಬಳಿಯ ಅರಿಕಮೇಡುವಿನ ಉತ್ಖನನ ಅದಕ್ಕೆ ಸಾಕ್ಷಿ. ಆಂಧ್ರದ ಪಾಪಾನಾಯುಡುಪೇಟದ ಕುಲುಮೆಗಳಲ್ಲಿ ಆ ಹಳೆಯ ಪದ್ಧತಿ ಆಧುನಿಕ ಕಾಲದವರೆಗೂ ಉಳಿದುಬಂದದ್ದನ್ನು ವಿದ್ವಾಂಸರು ದಾಖಲಿಸಿದ್ದಾರೆ.

ಅಗ್ಗದ ಮಣಿಯ ತೊಡಕೆಂದರೆ ಅಸಮತೆ. ಒಂದೇ ಪೊಟ್ಟಣದಲ್ಲಿ ದಪ್ಪ, ತೆಳು, ಮುಚ್ಚಿದ ರಂಧ್ರ ಎಲ್ಲವೂ ಸಿಗುತ್ತವೆ. ನೇಯುವ ಮೊದಲು ತಟ್ಟೆಯಲ್ಲಿ ಹರಡಿ ಆರಿಸಿಕೊಳ್ಳಲೇಬೇಕು. ಕಾಲು ಭಾಗ ಬದಿಗಿಟ್ಟರೂ ನಷ್ಟವೆಂದುಕೊಳ್ಳಬಾರದು. ಇನ್ನೊಂದು ತೊಡಕು ಬಣ್ಣ. ಮೇಲೆ ಬಳಿದ ಬಣ್ಣ ಬೆವರಿಗೂ ಬಿಸಿಲಿಗೂ ಹೋಗುತ್ತದೆ. ಹತ್ತಾರು ಮಣಿಗಳನ್ನು ಸಾಬೂನು ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಬಿಳಿ ಬಟ್ಟೆಯ ಮೇಲೆ ಉಜ್ಜಿದರೆ ಬಂಡವಾಳ ಬಯಲಾಗುತ್ತದೆ. ದಾಳಿಂಬೆಗೆಂಪು, ನೇರಳೆ ಬಣ್ಣಗಳನ್ನು ಕೊಳ್ಳುವಾಗ ಈ ಪರೀಕ್ಷೆಯನ್ನು ತಪ್ಪಿಸಬಾರದು.

ಎಷ್ಟು ಮಣಿ ಬೇಕು? 11 ಮಣಿ ಅಗಲದ, 14 ಸೆಂ.ಮೀ. ಉದ್ದದ ಕೈಪಟ್ಟಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 2 ಮಿ.ಮೀ. ಮಣಿಯಾದರೆ 70 ಸಾಲು. ಒಟ್ಟು 770 ಮಣಿ. ಅಂದರೆ ಸುಮಾರು 7 ಗ್ರಾಂ. ಆರಿಸಿ ಬಿಡುವುದನ್ನೂ ಸೇರಿಸಿ 10 ಗ್ರಾಂ ಇದ್ದರೆ ಸಾಕು. ಕಾಲು ಕಿಲೋ ಪೊಟ್ಟಣ ಕೊಂಡು ಮನೆಯಲ್ಲಿ ಮಣಿ ಚೆಲ್ಲಾಡಿಸಿಕೊಳ್ಳುವುದು ಅನವಶ್ಯಕ.

ದಾರ ಮತ್ತು ಸೂಜಿ

ಹತ್ತಿಯ ದಾರ ಕೂಡದು. ಗಾಜಿನ ರಂಧ್ರದ ಅಂಚು ಅದನ್ನು ತಿಂಗಳೊಪ್ಪತ್ತಿನಲ್ಲಿ ಸವೆಸಿಬಿಡುತ್ತದೆ. ನೈಲಾನ್ ದಾರ ಸಾಮಾನ್ಯ ಆಯ್ಕೆ. ಅದು ಹಿಗ್ಗುವ ಗುಣದ್ದಾದ್ದರಿಂದ ಬಳಸುವ ಮುನ್ನ ಕೈಯಿಂದ ಚೆನ್ನಾಗಿ ಎಳೆದುಕೊಳ್ಳಬೇಕು. ಹೆಣೆದ ಮೀನುಗಾಳದ ದಾರ ಹಿಗ್ಗುವುದಿಲ್ಲ, ಗಟ್ಟಿಮುಟ್ಟು. ಆದರೆ ಬೂದು ಬಣ್ಣದ್ದು ಬಿಳಿ ಮಣಿಯ ಕೆಳಗೆ ಮಾಸಲಾಗಿ ಕಾಣುತ್ತದೆ. ದಾರಕ್ಕೆ ಜೇನುಮೇಣ ಸವರಿದರೆ ಸಿಕ್ಕುಬೀಳುವುದು ಕಡಿಮೆ. ಸೂಜಿ 10 ಅಥವಾ 12ನೇ ನಂಬರಿನ ಉದ್ದನೆಯ ಮಣಿಸೂಜಿಯೇ ಆಗಬೇಕು. ಹೊಲಿಗೆಯ ಸೂಜಿಯ ಕಣ್ಣು ದಪ್ಪ. ಮಣಿಯೊಳಗೆ ಸಿಕ್ಕಿ ಮಣಿಯನ್ನೇ ಒಡೆಯುತ್ತದೆ.

ನೇಯ್ಗೆಯ ಕ್ರಮ

ಹಾಸಿನ ನೂಲುಗಳ ಸಂಖ್ಯೆ ಸಾಲಿನ ಮಣಿಗಳಿಗಿಂತ ಯಾವಾಗಲೂ ಒಂದು ಹೆಚ್ಚು. 11 ಮಣಿಗೆ 12 ನೂಲು. ಎರಡೂ ಅಂಚುಗಳ ನೂಲನ್ನು ಜೋಡಿ ಮಾಡಿಕೊಂಡರೆ, ಅಂದರೆ ಒಟ್ಟು 14 ಎಳೆದರೆ, ದಡಿ ಗಟ್ಟಿಯಾಗುತ್ತದೆ. ಮೊಳೆಗೆ ಗಂಟು ಹಾಕಿ ಆರಂಭಿಸಿ, ಹಣಿಗೆಯ ಒಂದೊಂದು ಸಂದಿನಲ್ಲಿ ಒಂದೊಂದು ನೂಲು ಕೂರಿಸುತ್ತ ಹೋಗಿಬರಬೇಕು. ಸಂದಿನ ಅಂತರ ಮಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತಿರಬೇಕೆಂದು ಹಟ ಹಿಡಿಯುವ ಅಗತ್ಯವಿಲ್ಲ. ನಾಲ್ಕಾರು ಸಾಲು ನೇಯುವಷ್ಟರಲ್ಲಿ ಮಣಿಗಳೇ ನೂಲನ್ನು ತಮ್ಮ ಜಾಗಕ್ಕೆ ಎಳೆದುಕೊಳ್ಳುತ್ತವೆ.

ಬಿಗಿತ ಮಾತ್ರ ಹದವಾಗಿರಬೇಕು. ಬೆರಳಿನಿಂದ ಮೀಟಿದರೆ ನೂಲು ಸಣ್ಣಗೆ ನುಡಿಯಬೇಕು, ತಂಬೂರಿಯಂತೆ ಝೇಂಕರಿಸಬಾರದು. ಅತಿ ಬಿಗಿದ ಪಟ್ಟಿ ಮಗ್ಗದ ಮೇಲಿರುವಾಗ ನೇರವಾಗಿಯೇ ಕಂಡು, ಕೆಳಗಿಳಿಸಿದೊಡನೆ ನಿರಿಗೆಗಟ್ಟುತ್ತದೆ. ಆಗ ಮಾಡುವುದಕ್ಕೇನೂ ಇರುವುದಿಲ್ಲ.

ಮೊದಲಿಗೆ ಮಣಿಯಿಲ್ಲದೆ ಬರಿಯ ದಾರದಲ್ಲಿಯೇ ಅರ್ಧ ಸೆಂ.ಮೀ. ನೇಯ್ದುಕೊಳ್ಳಬೇಕು. ಇದು ಪಟ್ಟಿಯ ತುದಿಯನ್ನು ಹಿಡಿದಿಡುತ್ತದೆ. ಬಳಿಕ ಹೊಕ್ಕಿನ ದಾರವನ್ನು ಎಡ ಅಂಚಿನ ನೂಲಿಗೆ 15 ಸೆಂ.ಮೀ. ಬಾಲ ಬಿಟ್ಟು ಕಟ್ಟಬೇಕು. ಸೂಜಿಗೆ 11 ಮಣಿ ಪೋಣಿಸಿ, ಹಾಸಿನ ಕೆಳಗಿನಿಂದ ಬಲಕ್ಕೆ ತಂದು, ಎಡಗೈ ತೋರುಬೆರಳಿನಿಂದ ಮಣಿಗಳನ್ನು ಮೇಲಕ್ಕೊತ್ತಿದರೆ ಎರಡೆರಡು ನೂಲಿನ ನಡುವೆ ಒಂದೊಂದು ಮಣಿ ಕೂರುತ್ತದೆ. ಈಗ ಸೂಜಿಯನ್ನು ಬಲದಿಂದ ಎಡಕ್ಕೆ, ಹಾಸಿನ ನೂಲುಗಳ ಮೇಲ್ಗಡೆಯಿಂದಲೇ ಹಾಯುವಂತೆ, ಅದೇ 11 ಮಣಿಗಳ ಮೂಲಕ ಹಿಂದಕ್ಕೆ ತರಬೇಕು. ಒಂದು ಸಾಲು ಮುಗಿಯಿತು.

ಈ ಹಿಂದಿರುಗುವ ಹಾದಿಯಲ್ಲಿಯೇ ಎರಡು ತಪ್ಪುಗಳು ಹೊಂಚುಹಾಕಿರುತ್ತವೆ. ಸೂಜಿ ಯಾವುದಾದರೂ ನೂಲಿನ ಕೆಳಗೆ ನುಸುಳಿದರೆ ಅಲ್ಲಿನ ಮಣಿ ಹಿಡಿತವಿಲ್ಲದೆ ಕೆಳಕ್ಕೆ ಜೋಲುತ್ತದೆ. ನೂಲನ್ನೇ ಚುಚ್ಚಿಕೊಂಡು ಹೋದರೆ ಎಳೆ ಸೀಳಿ ದುರ್ಬಲವಾಗುತ್ತದೆ, ಬಿಚ್ಚುವುದೂ ಕಷ್ಟ. ಪ್ರತಿ ಸಾಲಿನ ಬಳಿಕ ಉಗುರಿನಿಂದ ಒಮ್ಮೆ ಸವರಿ ನೋಡುವ ಅಭ್ಯಾಸ ಒಳ್ಳೆಯದು. ಮೂವತ್ತು ಸಾಲು ಮುಂದೆ ಹೋದ ಮೇಲೆ ತಪ್ಪು ಕಂಡರೆ ಮೂವತ್ತನ್ನೂ ಬಿಚ್ಚಬೇಕಾಗುತ್ತದೆ.

ದಾರ ಮುಗಿಯುವಾಗ ನಡುವೆ ಗಂಟು ಹಾಕದೆ, ಹಳೆಯ ತುದಿಯನ್ನು ನೇಯ್ದ ಸಾಲುಗಳೊಳಗೆ ಹಿಂದಕ್ಕೆ ಹಾಯಿಸಿ ಅಡಗಿಸಬೇಕು. ಹೊಸ ದಾರವನ್ನು ಅದೇ ರೀತಿ ಒಳಗಿನಿಂದ ತರಬೇಕು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕುಣಿಕೆ ಕುಣಿಕೆ ಕೂಡಿಸಿ ಬೆಸೆಯುವ ತೋಪುತೆನೆ ವಿಧಾನದ ಸೂಕ್ಷ್ಮತೆಯ ಮುಂದೆ ಇದು ಮಕ್ಕಳಾಟ. ಆದರೂ ಜೋಡಣೆ ಕಣ್ಣಿಗೆ ಬೀಳಬಾರದೆಂಬ ಶಿಸ್ತು ಎರಡರಲ್ಲೂ ಒಂದೇ.

ಸೆರಗಿನಿಂದ ಪಟ್ಟಿಗೆ

ಮಣಿಮಗ್ಗದ ಚಿತ್ತಾರ ಚೌಕುಳಿ ಹಾಳೆಯ ಮೇಲೆ ಹುಟ್ಟುವಂಥದ್ದು. ಇಲ್ಲಿಯೇ ಉತ್ತರ ಕರ್ನಾಟಕದ ಓದುಗರಿಗೆ ಹೊರಗಿನವರಿಗಿಲ್ಲದ ಭಾಗ್ಯವೊಂದಿದೆ. ಕಸೂತಿ ಪೂರ್ತಿಯಾಗಿ ಎಳೆ ಎಣಿಸುವ ಕಲೆ. ಅದರ ಗೋಪುರ, ತೇರು, ತುಳಸಿಕಟ್ಟೆ, ಆನೆಗಳೆಲ್ಲ ಆಗಲೇ ಲೆಕ್ಕದಲ್ಲಿವೆ. ಆದರೆ ನಾಲ್ಕೂ ಬಗೆಯ ಹೊಲಿಗೆ ಮಣಿಗೆ ಒಗ್ಗುವುದಿಲ್ಲ. ನೇಯ್ಗೆಯಂತೆ ಕಾಣುವ ನೇಗಿ ಮತ್ತು ಅಡ್ಡಹೊಲಿಗೆಯ ಮೆಂತಿಯ ವಿನ್ಯಾಸಗಳು ತುಂಬಿದ ಮನೆಗಳಾದ್ದರಿಂದ ಸಲೀಸಾಗಿ ಇಳಿಯುತ್ತವೆ. ಗವಂತಿ, ಮುರ್ಗಿಗಳು ಬರಿಯ ಗೆರೆಯ ಹೊಲಿಗೆಗಳು. ಮಣಿಯಲ್ಲಿ ಗೆರೆಗೆ ಒಂದು ಮಣಿಯ ದಪ್ಪ ಬಂದು ನಾಜೂಕು ಕೆಡುತ್ತದೆ.

ಇಳಕಲ್ಲಿನ ಸೆರಗು ಇನ್ನೂ ಅನುಕೂಲಕರ. ಕೆಂಪು ನೆಲದ ಮೇಲೆ ಬಿಳಿಯ ಹಣಿಗೆ, ಜೋಳದ ತೆನೆ, ಕೋಟೆಯ ತೆನೆ, ಬೆಟ್ಟಸಾಲು. ಪೈರಿಗೂ ಕೋಟೆಗೂ ಕನ್ನಡದಲ್ಲಿ ತೆನೆ ಎಂಬ ಒಂದೇ ಮಾತು ಸಲ್ಲುವುದನ್ನು ಈ ಸೆರಗು ಬಲ್ಲಂತಿದೆ. ಹಣಿಗೆಯನ್ನು ಮೊದಲ ಪಾಠವಾಗಿ ತೆಗೆದುಕೊಳ್ಳಬಹುದು: 3 ಸಾಲು ಪೂರ್ತಿ ಬಿಳಿ, ನಂತರದ 4 ಸಾಲುಗಳಲ್ಲಿ 1, 3, 5, 7, 9, 11ನೇ ಮಣಿ ಬಿಳಿ, ಉಳಿದವು ಕೆಂಪು. ಆರು ಹಲ್ಲಿನ ಹಣಿಗೆ ಮೂಡಿತು. ಬೆಟ್ಟಸಾಲಿಗೆ ಬಿಳಿ ಮಣಿಗಳನ್ನು 11, 9, 7, 5, 3, 1 ಎಂದು ಸಾಲಿನಿಂದ ಸಾಲಿಗೆ ಇಳಿಸುತ್ತ, ಎರಡೂ ಬದಿಯನ್ನು ಕೆಂಪಿನಿಂದ ತುಂಬಬೇಕು. 6 ಸಾಲಿಗೆ 36 ಬಿಳಿ, 30 ಕೆಂಪು. ನಡುಮಣಿ ಬೇಕಾಗುವ ಇಂಥ ಚಿತ್ತಾರಗಳಿಗೆ ಅಗಲ ಬೆಸಸಂಖ್ಯೆಯಲ್ಲಿಯೇ ಇರಬೇಕೆಂಬುದು ಇದರಿಂದಲೇ ತಿಳಿಯುತ್ತದೆ.

ಒಂದು ಎಚ್ಚರಿಕೆ: ಮಣಿ ಚೌಕಾಕಾರದ್ದಲ್ಲ. ರಂಧ್ರದ ದಿಕ್ಕಿನಲ್ಲಿ ಅದರ ಅಳತೆ ಕಡಿಮೆ, ಅಡ್ಡಕ್ಕೆ ಹೆಚ್ಚು. ಡೆಲಿಕಾದಲ್ಲಿ ಇದು ಸುಮಾರು 1.3 ಮತ್ತು 1.6 ಮಿ.ಮೀ. ಹೀಗಾಗಿ ಚೌಕುಳಿ ಹಾಳೆಯ ಮೇಲೆ ಸಮಚೌಕವಾಗಿ ಬರೆದದ್ದು ಪಟ್ಟಿಯ ಉದ್ದಕ್ಕೆ ಎಳೆದಂತೆ ಕಾಣಬಹುದು. ಗೋಪುರಕ್ಕೆ ಇದರಿಂದ ಲಾಭವೇ. ಆನೆಗೆ ಮಾತ್ರ ಒಂದೆರಡು ಸಾಲು ಕಡಿತಗೊಳಿಸಬೇಕಾದೀತು.

ಮುಕ್ತಾಯದ ಹಂತದಲ್ಲಿ ಮತ್ತೆ ಅರ್ಧ ಸೆಂ.ಮೀ. ಬರಿದಾರದ ನೇಯ್ಗೆ ಹಾಕಿ, ಮಗ್ಗದಿಂದ ಬಿಡಿಸಿ, ಹಾಸಿನ ತುದಿಗಳನ್ನು ಒಂದೊಂದಾಗಿ ಸೂಜಿಗೇರಿಸಿ ಪಟ್ಟಿಯೊಳಕ್ಕೆ ಹಾಯಿಸಬೇಕು. ಬೇಸರದ ಕೆಲಸ. ಆದರೆ ಇದನ್ನು ಅಂಟಿನಿಂದ ತೀರಿಸಿಕೊಂಡವರ ಪಟ್ಟಿ ಹೆಚ್ಚು ಕಾಲ ಬಾಳದು. ಹಿಂಬದಿಗೆ ಚರ್ಮದ ಬದಲು ಗುಳೇದಗುಡ್ಡ ಖಣದ ತುಂಡೊಂದನ್ನು ಹೊಲಿದರೆ ಮೈಗೂ ಮೆತ್ತಗೆ, ನೋಟಕ್ಕೂ ಒಪ್ಪ. ಇಳಕಲ್ಲ ಸೀರೆಗೆ ಖಣದ ಕುಪ್ಪಸ ಈ ಸೀಮೆಯ ಹಳೆಯ ಜೋಡಿಯೇ ಅಲ್ಲವೆ? ಕೊಂಡಿಯ ಬದಲು ಗುಂಡಿ ಮತ್ತು ದಾರದ ಕುಣಿಕೆ ಹಾಕಿದರೆ ಲೋಹ ಒಗ್ಗದ ಚರ್ಮದವರಿಗೂ ಅನುಕೂಲ.

ದುಡಿಮೆಯ ಲೆಕ್ಕ

ಮನೆಯಲ್ಲಿಯೇ ಕುಳಿತು ಸಂಪಾದಿಸಬಹುದೆಂಬ ಆಸೆಯಿಂದ ಈ ಮಗ್ಗದತ್ತ ತಿರುಗುವವರಿಗಾಗಿ ಕೆಲವು ಮಾತುಗಳು. 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಕಾರಿಕೆ ಮತ್ತು ಪೂರಕ ಕೆಲಸಗಳಲ್ಲಿರುವವರು 35.22 ಲಕ್ಷ, ಅವರಲ್ಲಿ ಶೇ. 72ರಷ್ಟು ಮಹಿಳೆಯರು. ಕೈಮಗ್ಗದ ಸೀರೆಗೆ ವಿದ್ಯುತ್ ಮಗ್ಗದ ಸೀರೆ ಸ್ಪರ್ಧೆ ಒಡ್ಡಿದ್ದರಿಂದ ಕುಣಿಮಗ್ಗಗಳು ಮೌನವಾದ ಮನೆಗಳಲ್ಲಿ ಮೊದಲು ಕೆಲಸ ಕಳೆದುಕೊಂಡವರಲ್ಲಿ ಕಂಡಿಕೆ ಸುತ್ತುವ, ಹಾಸು ಹೂಡುವ ಹೆಂಗಸರೂ ಸೇರಿದ್ದಾರೆ. ಅವರ ಬೆರಳುಗಳಿಗೆ ಮಣಿಮಗ್ಗ ಒಂದು ವಾರದ ಕಲಿಕೆ. ಆದರೆ ಕಲಿಕೆ ಸುಲಭವಾದ ಮಾತ್ರಕ್ಕೆ ಬದುಕು ಸಾಗುವುದೆಂದು ಹೇಳಲಾಗದು.

ಮೇಲೆ ಹೇಳಿದ ಕೈಪಟ್ಟಿಯನ್ನೇ ನೋಡಿ. ಮಣಿ ಆರಿಸಲು, ಚಿತ್ತಾರ ಬರೆಯಲು 40 ನಿಮಿಷ. ಹಾಸು ಹೂಡಲು ಅರ್ಧ ಗಂಟೆ. ಸಾಲಿಗೆ 2 ನಿಮಿಷದಂತೆ 70 ಸಾಲಿಗೆ 140 ನಿಮಿಷ. ಮುಕ್ತಾಯಕ್ಕೆ ಒಂದು ಗಂಟೆ. ಒಟ್ಟು ನಾಲ್ಕೂವರೆ ಗಂಟೆ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ಗಂಟೆಯ ದಿನವೆಂದು ಹಿಡಿದರೂ ನಾಲ್ಕೂವರೆ ಗಂಟೆಯ ಕೂಲಿಯೇ ಸುಮಾರು 208 ರೂಪಾಯಿಯಾಗುತ್ತದೆ. ಅದರ ಮೇಲೆ ಮಣಿ, ದಾರ, ಗುಂಡಿಯ ಖರ್ಚು. ಯಂತ್ರದಲ್ಲಿ ಅಚ್ಚೊತ್ತಿದ ಪ್ಲಾಸ್ಟಿಕ್ ಸರಗಳ ಪಕ್ಕದಲ್ಲಿಟ್ಟು ಜಾತ್ರೆಯಲ್ಲಿ ಇದನ್ನು ಮಾರುವುದು ಕಷ್ಟಸಾಧ್ಯ. ಕೊಳ್ಳುವವರು ಚೌಕಾಸಿ ಮಾಡುವುದು ವಸ್ತುವಿನ ಬೆಲೆಯಲ್ಲಲ್ಲ, ಹೆಣ್ಣುಮಗಳೊಬ್ಬಳ ಅರ್ಧ ದಿನದ ಕೂಲಿಯಲ್ಲಿ.

ದಾರಿಯಿಲ್ಲವೆಂದಲ್ಲ. ಸೀರೆಗೆ ಹೊಂದುವ ಪಟ್ಟಿ ಎಂದು ಇಳಕಲ್ಲ ಸೀರೆ, ಖಣದ ಜೊತೆಯಲ್ಲಿಯೇ ಮಾರಿದರೆ ಬೆಲೆಗೆ ಅರ್ಥ ಬರುತ್ತದೆ. ಸಂಡೂರಿನ ಲಂಬಾಣಿ ಕಸೂತಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಪಡೆದು, 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಮಹಿಳೆಯರ 1,755 ಕೃತಿಗಳ ಪ್ರದರ್ಶನದಿಂದ ಗಿನ್ನೆಸ್ ದಾಖಲೆ ಬರೆದದ್ದು ಒಬ್ಬೊಬ್ಬರ ಬಿಡಿ ಮಾರಾಟದಿಂದ ಆದುದಲ್ಲ. ಅದರ ಹಿಂದೆ ಸಂಡೂರು ಕುಶಲ ಕಲಾ ಕೇಂದ್ರದಂಥ ಸಂಸ್ಥೆಯ ದೀರ್ಘಕಾಲದ ಸಂಘಟನೆಯಿತ್ತು. ಕಲಿಯಬಯಸುವವರಿಗೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಕೃತಕ ಆಭರಣ ತಯಾರಿಕೆಯ ಉಚಿತ ತರಬೇತಿ ಇರುತ್ತದೆ. ಈ ಮಾದರಿಗೆ ಮೂಲವಾದ ರುಡ್‌ಸೆಟ್ ಸಂಸ್ಥೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದದ್ದು. ಅಲ್ಲಿ ಮಣಿಮಗ್ಗವನ್ನೇ ಕಲಿಸುತ್ತಾರೆಂದು ನಿರೀಕ್ಷಿಸಬಾರದು. ಬೆಲೆ ಕಟ್ಟುವುದು, ಸಾಲ ಪಡೆಯುವುದು, ಲೆಕ್ಕ ಇಡುವುದು ತಿಳಿದರೆ ಅದೇ ದೊಡ್ಡದು.

ಕಣ್ಣಿನ ಬಗ್ಗೆ ಉದಾಸೀನ ಸಲ್ಲದು. ಎಡಗಡೆಯಿಂದ ಬೀಳುವ ಬೆಳಕು, ಮಣಿ ಉರುಳದಂತೆ ಕೆಳಗೊಂದು ಮಾಸಲು ಬಣ್ಣದ ಒರಟು ಬಟ್ಟೆ, ಅರ್ಧ ಗಂಟೆಗೊಮ್ಮೆ ದೂರಕ್ಕೆ ದೃಷ್ಟಿ ಹಾಯಿಸುವುದು ಇವಿಷ್ಟು ಕಡ್ಡಾಯ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಮಣಿಯ ಡಬ್ಬಿಗೆ ಬಿಗಿಯಾದ ಮುಚ್ಚಳವಿರಲಿ. ಸಿದ್ಧವಾದ ಪಟ್ಟಿಯನ್ನು ಮಡಿಸದೆ ಚಪ್ಪಟೆಯಾಗಿ ಇಡಬೇಕು, ಸ್ನಾನಕ್ಕೆ ಮುನ್ನ ತೆಗೆದಿಡಬೇಕು, ಅತ್ತರು ತಾಗಿಸಬಾರದು. ಅಂಚಿನ ಒಂದು ಮಣಿ ಒಡೆದರೂ ಆ ದಿನವೇ ಹೊಸ ದಾರ ಹಾಯಿಸಿ ಸರಿಪಡಿಸಿಕೊಂಡರೆ ಉಳಿದ 769 ಮಣಿಗಳು ತಮ್ಮ ಜಾಗದಲ್ಲಿಯೇ ಇರುತ್ತವೆ.